ಅಳಿಸದೆ ಬಿಟ್ಟ ಸಾಲು

ಡಾಕ್ಟರಮ್ಮ ‘ಲಿವರ್ ನಾರ್ಮಲ್’ ಎಂದರೆ ಅವನು ಏನನ್ನೂ ಟೈಪ್ ಮಾಡಬೇಕಾಗಿರಲಿಲ್ಲ. ಆ ಸಾಲು ಕಂಪ್ಯೂಟರಿನಲ್ಲಿ ಆಗಲೇ ಕೂತಿರುತ್ತಿತ್ತು. ಲಿವರ್ ಒಂದೇ ಅಲ್ಲ, ಕತ್ತಿನ ಥೈರಾಯ್ಡಿನಿಂದ ಹಿಡಿದು ಮೂತ್ರಕೋಶದ ತನಕ ಹದಿನಾಲ್ಕು ಸಾಲುಗಳು, ಹದಿನಾಲ್ಕೂ ನಾರ್ಮಲ್. ಇಡೀ ದೇಹದ ಸ್ಕ್ಯಾನಿಗೆಂದು ಯಾರೇ ಬಂದು ಮಲಗಲಿ, ಅವರು ಅಂಗಿಯ ಗುಂಡಿ ಬಿಚ್ಚುವ ಮೊದಲೇ ಅವನ ಪರದೆಯ ಮೇಲೆ ಯಾವ ಕಾಯಿಲೆಯೂ ಇಲ್ಲದವರಾಗಿಬಿಟ್ಟಿರುತ್ತಿದ್ದರು. ಆಮೇಲೆ ಡಾಕ್ಟರಮ್ಮ ಆ ಅರೆಗತ್ತಲಲ್ಲಿ ಹೊಟ್ಟೆಯ ಮೇಲೆ ಸ್ಕ್ಯಾನಿನ ಹಿಡಿಕೆಯನ್ನು ಒತ್ತಿ ಒತ್ತಿ ಜಾರಿಸುತ್ತ ಒಂದೊಂದೇ ಹೇಳಿಕೊಂಡು ಹೋಗುವಾಗ, ಎಲ್ಲಿ ಸರಿಯಿಲ್ಲವೋ ಅಲ್ಲಿ ಮಾತ್ರ ಅವನು ‘ನಾರ್ಮಲ್’ ಅಳಿಸಿ ಬೇರೆ ಬರೆಯಬೇಕು. ಕಿಡ್ನಿಯಲ್ಲಿ ಕಲ್ಲು, ಪಿತ್ತಕೋಶದಲ್ಲಿ ಕಲ್ಲು, ಲಿವರಿನಲ್ಲಿ ಕೊಬ್ಬು. ದಿನಕ್ಕೆ ಇಪ್ಪತ್ತು ಜನರನ್ನು ಮುಗಿಸಬೇಕಾದ ಸ್ಕ್ಯಾನ್ ಸೆಂಟರಿನಲ್ಲಿ ಇದಕ್ಕಿಂತ ಜಾಣತನದ ದಾರಿ ಇನ್ನೊಂದಿರಲಿಲ್ಲ, ಮತ್ತು ಆ ಜಾಣತನ ಅವನದೇ ಆಗಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಆ ನಮೂನೆಯನ್ನು ತಯಾರು ಮಾಡಿ ತೋರಿಸಿ ಡಾಕ್ಟರಮ್ಮನಿಂದ ‘ಪರವಾಗಿಲ್ವೇ ನೀವು’ ಅನ್ನಿಸಿಕೊಂಡಿದ್ದ. ಒಂಬತ್ತು ವರ್ಷದಲ್ಲಿ ಅವನಿಗೆ ಸಿಕ್ಕ ಹೊಗಳಿಕೆ ಅದೊಂದೇ.

ಈಗ ಮಂಚದ ಮೇಲೆ ಮಲಗಿದ್ದವಳು ಯಾವುದೋ ಶಾಲೆಯ ಟೀಚರು. ಕೊರೆಯುವ ಜೆಲ್ಲಿಗೆ ಮೈ ಸಣ್ಣಗೆ ಮಾಡಿಕೊಂಡು, ಮೂತ್ರ ಕಟ್ಟಿಕೊಂಡ ಸಂಕಟದಲ್ಲಿ ಕಾಲುಗಳನ್ನು ಒಂದಕ್ಕೊಂದು ಒತ್ತಿಕೊಂಡು, “ಎಲ್ಲಾ ಕಾಣುತ್ತಾ ಡಾಕ್ಟ್ರೇ ಇದರಲ್ಲಿ?” ಎಂದು ಕೇಳಿದಳು. “ಕಾಣೋದೆಲ್ಲಾ ಕಾಣುತ್ತಮ್ಮ” ಎಂದರು ಡಾಕ್ಟರಮ್ಮ. ಟೀಚರಿಗೆ ಅಷ್ಟು ಸಾಕಾಯಿತು, ಕಣ್ಣು ಮುಚ್ಚಿಕೊಂಡಳು. ಅವನ ಜೇಬಿನಲ್ಲಿ ಫೋನು ಗುರ್ರೆಂದಿತು. ಅಕ್ಕ. ಬೆಳಗಿನಿಂದ ಇದು ಮೂರನೆಯ ಸಲ. ಹೊರಗೆ ಕೌಂಟರಿನ ಹುಡುಗಿ ಪ್ರತಿಯೊಬ್ಬರಿಗೂ ಒಂದು ಹಳದಿ ಚೀಟಿ ಕೊಡುತ್ತಾಳೆ, ಅದನ್ನು ಟೈಪ್ ಮಾಡಿದವನೂ ಇವನೇ. ಎಂಟು ಗಂಟೆ ಏನೂ ತಿನ್ನಬಾರದು, ಟೀ ಕಾಫಿಯೂ ಬೇಡ. ಬರುವ ಒಂದು ಗಂಟೆ ಮೊದಲು ನಾಲ್ಕು ಲೋಟ ನೀರು ಕುಡಿದು ಮೂತ್ರ ತಡೆದುಕೊಂಡಿರಿ. ನೋವಿಲ್ಲ, ಇದು ಶಬ್ದದ ಅಲೆ, ಎಕ್ಸ್‌ರೇ ಅಲ್ಲ, ಹೆದರಬೇಡಿ. ಇಷ್ಟನ್ನು ಎಲ್ಲರೂ ಓದುತ್ತಾರೆ. ಹಿಂಬದಿಯಲ್ಲಿ, ಯಾರೂ ಮಗುಚಿ ನೋಡದ ಕಡೆ, ಉಳಿದದ್ದಿದೆ. ಗಾಳಿಯಿರುವ ಜಾಗವನ್ನು ಈ ಅಲೆ ದಾಟಲಾರದು. ಶ್ವಾಸಕೋಶ, ಕರುಳಿನ ಒಳಗು, ಮೂಳೆಯ ಒಳಗು ಕಾಣುವುದಿಲ್ಲ. ಹೊಟ್ಟೆಯಲ್ಲಿ ಗ್ಯಾಸಿದ್ದರೆ ಅದರ ಹಿಂದೆ ಇರುವುದೂ ಕಾಣುವುದಿಲ್ಲ. ಏನೋ ಕಂಡಿತೆಂದರೆ ಅದು ಕಾಯಿಲೆಯೇ ಎಂದಲ್ಲ, ಏನೂ ಕಾಣಲಿಲ್ಲವೆಂದರೆ ಕಾಯಿಲೆಯಿಲ್ಲವೆಂದೂ ಅಲ್ಲ. ತೊಂದರೆಯಿದ್ದವರು ಈ ವರದಿ ಇಟ್ಟುಕೊಂಡು ಮನೆಯಲ್ಲಿ ಕೂರದೆ ನಿಮ್ಮ ವೈದ್ಯರ ಹತ್ತಿರ ಹೋಗಿ. ಇದನ್ನೆಲ್ಲ ಅವನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸಿಬಿಡುತ್ತಿದ್ದ. ಗೊತ್ತಿಲ್ಲದೆ ತಪ್ಪು ಮಾಡಿದೆ ಎಂದು ಹೇಳಿಕೊಳ್ಳುವ ಭಾಗ್ಯವೂ ಅವನಿಗಿರಲಿಲ್ಲ.

ಟೀಚರು ಎದ್ದು ಬಚ್ಚಲಿಗೆ ಓಡಿದ ಮೇಲೆ ಅವನು ಹೊರಗೆ ನೀರಿನ ಕ್ಯಾನಿನ ಪಕ್ಕ ನಿಂತು ಅಕ್ಕನಿಗೆ ಫೋನು ಮಾಡಿದ. “ಎಷ್ಟು ಸಲ ಮಾಡೋದೋ, ಎತ್ತೋಕೂ ಆಗಲ್ವಾ ನಿಂಗೆ?” ಅಂದಳು. “ಒಳಗಿದ್ದೆ ಅಕ್ಕ, ಹೇಳು.” “ಏನು ಹೇಳ್ಲಿ? ನಿಮ್ಮ ಭಾವಂಗೆ ಬೆನ್ನುನೋವು ಜಾಸ್ತಿನೇ ಆಗಿದೆ. ಪ್ಯಾಂಟು ಸೊಂಟದ ಮೇಲೆ ನಿಲ್ಲಲ್ಲ, ಬೆಲ್ಟಿಗೆ ಇನ್ನೆರಡು ತೂತು ಹೊಡ್ಕೊಂಡಿದಾರೆ. ಆ ಕ್ಲಿನಿಕ್ಕಿನ ಡಾಕ್ಟ್ರು ಸಿಟಿ ಸ್ಕ್ಯಾನು ಬರ್ಕೊಟ್ಟು ಮೂರು ವಾರ ಆಯ್ತು. ಹೋಗಿ ಅಂತ ಬಾಯಿ ಬಿಟ್ರೆ ಸಾಕು, ನಿಮ್ಮ ರಿಪೋರ್ಟು ತಂದು ಮುಖಕ್ಕೆ ಹಿಡೀತಾರೆ. ಹೊಟ್ಟೆ ಪೂರ್ತಿ ನೋಡಿದಾರಮ್ಮ, ಎಲ್ಲಾ ನಾರ್ಮಲ್ಲು, ನಿನ್ನ ತಮ್ಮನೇ ಬರ್ದಿರೋದು ಅಂತಾರೆ.” ಅವನು ಕ್ಯಾನಿನ ಮೇಲೆ ಇಳಿಯುತ್ತಿದ್ದ ನೀರಿನ ಹನಿಯನ್ನು ಬೆರಳಲ್ಲಿ ಒರೆಸಿದ. “ಕೇಳಿಸ್ತಾ ಇದೆಯೇನೋ?” “ಹ್ಞೂಂ ಅಕ್ಕ.” “ಆ ರಿಪೋರ್ಟು ಸರಿಯಾಗಿದೆ ತಾನೆ? ಸರಿಯಾಗಿದೆ ಅಂತ ಒಂದು ಮಾತು ಹೇಳ್ಬಿಡು, ನಾನು ಸುಮ್ನಾಗ್ತೀನಿ.” ಸರಿಯಾಗಿದೆ ಎನ್ನಲು ಬಾಯಿ ತೆರೆದ. ಸರಿಯಾಗಿಲ್ಲ ಎನ್ನಲೂ ಅದೇ ಬಾಯಿ ತೆರೆಯಬೇಕಾಗಿತ್ತು. “ಮಧ್ಯಾಹ್ನ ರಜ, ಡಾಕ್ಟರಮ್ಮನ್ನ ಕೇಳ್ಕೊಂಡು ಮನೆಗೇ ಬರ್ತೀನಿ, ಭಾವನ ಹತ್ರ ಮಾತಾಡ್ತೀನಿ” ಎಂದು ಹೇಳಿ ಇಟ್ಟುಬಿಟ್ಟ.

ಮುಂದಿನ ರೋಗಿ ಬರುವುದರೊಳಗೆ ಭಾವನ ಹಳೆಯ ಫೈಲು ತೆಗೆದು ನೋಡಿದ. ನೋಡುವ ಅಗತ್ಯವೇನೂ ಇರಲಿಲ್ಲ. ಏಳು ತಿಂಗಳಿನಿಂದ ಆ ಸಾಲು ಅವನ ತಲೆಯಲ್ಲಿ ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು, ಕತ್ತಲಲ್ಲಿ ಸ್ವಿಚ್ಚು ಹುಡುಕುವಷ್ಟೇ ಸಲೀಸಾಗಿ. ‘ಪ್ಯಾಂಕ್ರಿಯಾಸ್: ಗಾತ್ರ, ಆಕಾರ ನಾರ್ಮಲ್.’ ಜಠರದ ಹಿಂದೆ, ಬೆನ್ನಿಗೆ ಅಂಟಿಕೊಂಡಿರುವ ಮೇದೋಜೀರಕ ಗ್ರಂಥಿ. ಸೆಂಟರು ಆಗ ಕೆಲಸದವರಿಗೆಲ್ಲ ಒಂದೊಂದು ಕೂಪನ್ನು ಹಂಚಿತ್ತು, ಮನೆಯವರೊಬ್ಬರಿಗೆ ಇಡೀ ದೇಹದ ಸ್ಕ್ಯಾನು ಪುಕ್ಕಟೆ. ಭಾವನ ಮನೆಯಲ್ಲಿ ಹತ್ತು ವರ್ಷ ಉಂಡು ಬೆಳೆದವನಿಗೆ ಕೊಡಲು ಕೈಗೆ ಸಿಕ್ಕ ಮೊದಲ ವಸ್ತು ಅದು, ಅದೂ ಬೇರೆಯವರದು. ಕೂಪನ್ನಿನ ಕೊನೆಯ ದಿನ, ಕೊನೆಯ ಸರದಿಗೆ ಭಾವ ಬಂದ, ಬಾಯಿ ಒರೆಸಿಕೊಳ್ಳುತ್ತ. ಎರಡು ಬನ್ನು, ಒಂದು ಟೀ. “ಏನ್ ಭಾವ, ತಿನ್ನಬೇಡಿ ಅಂತ ಹೇಳಿದ್ನಲ್ಲ” ಎಂದರೆ, “ಖಾಲಿ ಹೊಟ್ಟೇಲಿ ಬಂದ್ರೆ ಏನಯ್ಯಾ ಕಾಣುತ್ತೆ, ಒಳಗೆ ಏನಾದ್ರೂ ಇದ್ರೆ ತಾನೆ ನೋಡೋಕೆ” ಎಂದು ಕೌಂಟರಿನ ಹುಡುಗಿಯ ಎದುರಿಗೇ ನಕ್ಕಿದ್ದ. ವಾಪಸು ಕಳಿಸಿದರೆ ಕೂಪನ್ನು ಮುಗಿಯುತ್ತಿತ್ತು. ಹುಡುಗಿ ಅತ್ತ ತಿರುಗಿದಾಗ ಅವನೇ ನೋಂದಣಿ ಚೀಟಿಯಲ್ಲಿ ‘ಖಾಲಿ ಹೊಟ್ಟೆ’ ಎಂಬುದರ ಮುಂದೆ ಸರಿ ಗುರುತು ಹಾಕಿಬಿಟ್ಟ.

ಮಂಚದ ಮೇಲೆ ಮಲಗಿದ ಭಾವನ ಹೊಟ್ಟೆಯನ್ನು ಅವನು ಯಾವತ್ತೂ ಅಷ್ಟು ಬೆಳ್ಳಗೆ, ಅಷ್ಟು ಬಯಲಾಗಿ ನೋಡಿರಲಿಲ್ಲ. ಕಚಗುಳಿಗೆ ಆ ಹೊಟ್ಟೆ ಕುಲುಕುತ್ತಿತ್ತು. ನಾಚಿಕೆಯಾಗಿ ಕೀಬೋರ್ಡು ನೋಡುತ್ತ ಕೂತಿದ್ದ. “ಪ್ಯಾಂಕ್ರಿಯಾಸ್, ಗ್ಯಾಸ್ ಅಡ್ಡ ಬರ್ತಿದೆ. ಕಾಣಲಿಲ್ಲ ಅಂತ ಹಾಕಿ” ಎಂದರು ಡಾಕ್ಟರಮ್ಮ. ಅಷ್ಟರಲ್ಲಿ ಭಾವ, “ಗ್ಯಾಸಾ? ಅದು ನಮ್ಮನೆ ಆಸ್ತಿ ಡಾಕ್ಟ್ರೇ. ನನ್ನ ಭಾಮೈದನ್ನೇ ಕೇಳಿ, ಹತ್ತು ವರ್ಷ ಪಕ್ಕದ ರೂಮಲ್ಲಿ ಮಲಗಿದಾನೆ, ಪಾಪ” ಎಂದ. ಯಾವತ್ತೂ ನಗದ ಡಾಕ್ಟರಮ್ಮ ನಕ್ಕುಬಿಟ್ಟರು. ಅವನ ಕಿವಿಯೆಲ್ಲ ಬಿಸಿಯಾಯಿತು. ಅವರು ನಗುತ್ತಲೇ “ಸ್ಪ್ಲೀನ್ ನಾರ್ಮಲ್” ಎಂದರು, ಬೆರಳು ಮುಂದೆ ಹೋಯಿತು, ಹಿಂದಿನ ಸಾಲು ಹಾಗೇ ಉಳಿಯಿತು. ಇಷ್ಟೇ ಆಗಿದ್ದರೆ ಕೈತಪ್ಪು ಅನ್ನಬಹುದಿತ್ತು. ಆದರೆ ಪ್ರಿಂಟು ಕೊಡುವ ಮೊದಲು ಅವನಿಗೆ ನೆನಪಾಯಿತು. ಕಾಣಲಿಲ್ಲ ಎಂದು ಬರೆದರೆ, ಖಾಲಿ ಹೊಟ್ಟೆಯಲ್ಲಿ ಮತ್ತೆ ಬರಲಿ ಎಂದು ಡಾಕ್ಟರಮ್ಮ ಹೇಳುತ್ತಾರೆ. ಖಾಲಿ ಹೊಟ್ಟೆಯೇ ಅಂತ ಇದೆಯಲ್ಲ ಎಂದು ಕೌಂಟರಿನ ಹುಡುಗಿ ನೋಂದಣಿ ಚೀಟಿ ತೆಗೆಯುತ್ತಾಳೆ. ಆ ಗುರುತು ಯಾರದೆಂದು ಗೊತ್ತಾಗುತ್ತದೆ. ಒಂದು ಪುಟ್ಟ ಗುರುತು. ಅದಕ್ಕೆ ಹೆದರಿ ಅವನು ಗುಂಡಿ ಒತ್ತಿದ. ಡಾಕ್ಟರಮ್ಮ ಎಂದಿನಂತೆ ಓದದೆ ಸಹಿ ಮಾಡಿದರು. ಭಾವ ಅದನ್ನು ಹೊರಗೆ ಒಯ್ದು ಲ್ಯಾಮಿನೇಷನ್ ಮಾಡಿಸಿದ. ಆವತ್ತಿನಿಂದ ಇವನನ್ನು ಕರೆಯುವುದೇ ‘ಏನಪ್ಪಾ ನಾರ್ಮಲ್’ ಎಂದು.

ಎರಡು ಗಂಟೆಗೆ ಸೆಂಟರು ಮುಚ್ಚುವಾಗ ಡಾಕ್ಟರಮ್ಮ ಕೈಗೆ ಹತ್ತಿದ ಜೆಲ್ಲನ್ನು ಟಿಶ್ಯೂವಿನಲ್ಲಿ ಒರೆಸಿಕೊಳ್ಳುತ್ತಿದ್ದರು. ಅವನು ಬಾಗಿಲ ಬಳಿ ನಿಂತು ಹೇಳಿದ. ಬನ್ನಿನಿಂದ ಹಿಡಿದು ಪ್ರಿಂಟಿನ ತನಕ, ಅಕ್ಕ ಹೇಳಿದ ಬೆಲ್ಟಿನ ತೂತಿನ ತನಕ, ಒಂದನ್ನೂ ಬಿಡದೆ. ಹೇಳಿ ಮುಗಿಸುವಷ್ಟರಲ್ಲಿ ತನ್ನ ಧ್ವನಿ ಶಾಲೆಯಲ್ಲಿ ಪೆಟ್ಟು ತಿನ್ನುವ ಮುಂಚಿನ ಧ್ವನಿಯಾಗಿರುವುದು ಅವನಿಗೇ ಕೇಳಿಸಿತು. ಬೈಯಲಿ ಎಂದು ಕಾಯುತ್ತಿದ್ದ. ಅವರು ಬೈಯಲಿಲ್ಲ. ಮುಖದಲ್ಲಿ ಕೋಪಕ್ಕಿಂತ ಮೊದಲು ಬೇರೇನೋ ಬಂದು ಹೋಯಿತು, ಅದು ಹೆದರಿಕೆ ಎಂದು ಅವನಿಗೆ ಹೊಳೆದದ್ದು ಆಮೇಲೆ. “ಬೆರಳು ನಿಮ್ಮದು, ಸಹಿ ನಂದಲ್ವೇನ್ರೀ” ಎಂದರು. “ಆ ಫೈಲನ್ನ ಈಗ ಮುಟ್ಟಬೇಡಿ. ತಿದ್ದೋಕೆ ಹೋದ್ರೆ ಇವತ್ತಿನ ತಾರೀಖು ಬೀಳುತ್ತೆ. ಅವರನ್ನ ಸಿಟಿ ಸ್ಕ್ಯಾನಿಗೆ ಕಳಿಸಿ, ಮೊದಲು ಕಳಿಸಿ. ಎಷ್ಟು ಕೇಜಿ ಇಳಿದಿದಾರೆ ಅಂದ್ರಿ?” “ಗೊತ್ತಿಲ್ಲ ಮೇಡಂ.” “ಗೊತ್ತಿಲ್ಲ” ಎಂದು ಅವರು ಅವನ ಮಾತನ್ನೇ ತಿರುಗಿಸಿ ಹೇಳಿ, ಬ್ಯಾಗು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದರು. ಅವನಿಗೆ ಅಳು ಬರುವಂತಾಯಿತು. ಕೌಂಟರಿನ ಹುಡುಗಿ ನೋಡುತ್ತಿದ್ದುದರಿಂದ ಅಳಲಿಲ್ಲ.

ಭಾವನದು ತೂಕದ ಯಂತ್ರ ರಿಪೇರಿ ಮಾಡುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಬಸ್ಸಿಳಿದು ಆ ಬೀದಿಯುದ್ದಕ್ಕೂ ನಡೆಯುವಾಗ ಅವನು ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದ. ಭಾವ, ಆ ರಿಪೋರ್ಟು ನಂಬಬೇಡಿ. ಇಷ್ಟು ಹೇಳಿದರೆ, ಯಾಕೆ ಎಂದು ಕೇಳುತ್ತಾನೆ. ಯಾಕೆಂದರೆ ಇಂಥ ಸ್ಕ್ಯಾನಿನಲ್ಲಿ ಎಲ್ಲ ಕಾಣುವುದಿಲ್ಲ ಭಾವ, ಚೀಟಿಯ ಹಿಂದೆ ಬರೆದಿದೆ. ಇದು ನಿಜವೇ, ಮತ್ತು ಇದನ್ನಷ್ಟೇ ಹೇಳಿ ತಪ್ಪಿಸಿಕೊಳ್ಳಬಹುದು ಎಂದು ಹೊಳೆದಾಗ ಒಂದು ಗಳಿಗೆ ಹಗುರವಾದ. ಆ ಹಗುರಕ್ಕೆ ಅವನ ಮೇಲೆ ಅವನಿಗೇ ಅಸಹ್ಯವಾಯಿತು. ಇಲ್ಲ, ನಾನೇ ಅಳಿಸಲಿಲ್ಲ ಎಂದು ಹೇಳಬೇಕು. ಬೇಕಾದರೆ ಕಪಾಳಕ್ಕೆ ಹೊಡೆಯಲಿ. ಹೊಡೆದು, ಎದ್ದು, ಚಪ್ಪಲಿ ಮೆಟ್ಟಿ ಆಸ್ಪತ್ರೆಗೆ ಹೊರಟರೆ ಸಾಕು. ಬೀದಿಯ ಕೊನೆಯಲ್ಲಿ ಯಾರೋ ಕಬ್ಬಿಣದ ಬಾಗಿಲು ಉಜ್ಜಿ ಬಣ್ಣ ಬಳಿಯುತ್ತಿದ್ದರು, ಆ ಕರಕರ ಸದ್ದು ಹಲ್ಲಿಗೆ ಬಂದು ತಾಗುತ್ತಿತ್ತು.

ಭಾವ ಸ್ಟೂಲಿನ ಮೇಲೆ ಕೂತು ಒಂದು ತಕ್ಕಡಿಯ ಸ್ಪ್ರಿಂಗು ಬಿಚ್ಚುತ್ತಿದ್ದ. ಕತ್ತಿನ ಸುತ್ತ ಕಾಲರು ದೂರ ನಿಂತಿತ್ತು. ಕೆನ್ನೆ ಒಳಗೆ ಹೋಗಿ ಮೂಗು ದೊಡ್ಡದಾಗಿ, ಕಣ್ಣಿನ ಬಿಳಿ ತುಸು ಹಳದಿಗಿತ್ತು. ಒಂದು ತಿಂಗಳಿನಿಂದ ಈ ಕಡೆ ಸುಳಿಯದೆ ಇದ್ದುದಕ್ಕೆ ಇವನು ಕೆಲಸದ ನೆಪ ಹೇಳಿಕೊಂಡಿದ್ದ. ನೋಡಲು ಹೆದರಿಕೆಯಾಗಿತ್ತು, ಅಷ್ಟೇ. “ಏನಪ್ಪಾ ನಾರ್ಮಲ್, ದಾರಿ ತಪ್ಪಿ ಬಂದ್ಯಾ?” ಎಂದ ಭಾವ. ಗಲಾಟೆಯ ಮನುಷ್ಯ ಅವನು, ಮಾತಿಗಿಂತ ಮೊದಲು ನಗು ಬರುತ್ತಿತ್ತು. ಈಗ ಮಾತು ಬಂತು, ನಗು ಸ್ವಲ್ಪ ತಡವಾಗಿ ಬಂತು.

“ಭಾವ, ನೀವು ಆ ಸಿಟಿ ಸ್ಕ್ಯಾನು...”

“ನಿಮ್ಮಕ್ಕ ಫೋನ್ ಮಾಡಿದ್ಲಾ?” ಭಾವ ಪರದೆಯ ಕಡೆ ಕಣ್ಣು ಹಾಯಿಸಿದ. ಒಳಗೆ ನಲ್ಲಿ ಸುರಿಯುವ, ಪಾತ್ರೆ ಇಡುವ ಸದ್ದು. ಸ್ಕ್ರೂಡ್ರೈವರನ್ನು ಕೆಳಗಿಟ್ಟು, ಧ್ವನಿ ತಗ್ಗಿಸಿ, “ಮಾಡಿಸ್ದೆ. ಮಂಗಳವಾರ. ಗಿರಾಕಿ ಮನೆಗೆ ಹೋಗ್ತೀನಿ ಅಂತ ಹೇಳಿ ಹೋಗಿದ್ದೆ” ಎಂದ.

ಭಾವ ಮೂಲೆಯಲ್ಲಿದ್ದ ದೊಡ್ಡ ತೂಕದ ಯಂತ್ರದ ಕಡೆ ಗದ್ದ ಆಡಿಸಿದ. “ಹನ್ನೆರಡು ಕೇಜಿ ಇಳಿದಿದೀನಿ ಕಣಯ್ಯಾ. ಬೇರೆ ಯಾರ ಯಂತ್ರ ಆಗಿದ್ರೂ ಸುಳ್ಳು ಅಂದ್ಕೊಂಡು ನೆಮ್ಮದಿಯಾಗಿರ್ತಿದ್ದೆ. ಇದು ನಾನೇ ಸರಿಮಾಡಿ ಇಟ್ಟಿರೋದು. ಅದಕ್ಕೇ ಹೋದೆ.” ಸ್ಪ್ರಿಂಗನ್ನು ಬೆರಳಿಗೆ ಸುತ್ತಿಕೊಂಡು ಬಿಟ್ಟ, ಸುತ್ತಿಕೊಂಡು ಬಿಟ್ಟ. “ಪ್ಯಾಂಕ್ರಿಯಾಸಲ್ಲಿ ಗಡ್ಡೆಯಂತೆ. ಅಲ್ಲಿಂದ ಲಿವರಿಗೆ ಹೋಗಿದೆಯಂತೆ. ಆಪರೇಷನ್ ಮಾಡೋ ಹಂಗಿಲ್ಲವಂತೆ. ನೋವಿಗೆ ಮಾತ್ರೆ ಕೊಟ್ಟಿದಾರೆ. ತಿಂಗಳು ಲೆಕ್ಕದಲ್ಲಿ ಮಾತಾಡಿದ್ರು, ವರ್ಷ ಅನ್ನೋ ಪದಾನೇ ಎತ್ತಲಿಲ್ಲ.”

ಅಂಗಡಿಯಲ್ಲಿ ಕೂರಲು ಇನ್ನೊಂದು ಸ್ಟೂಲಿತ್ತು, ಅದರ ಮೇಲಿದ್ದ ಬೋಲ್ಟುಗಳ ಡಬ್ಬವನ್ನು ಎತ್ತಿ ಅವನು ಎಲ್ಲಿಡುವುದೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡು ಕೂತ. ಏಳು ತಿಂಗಳ ಹಿಂದೆ ಅದು ಅಲ್ಲಿತ್ತೇ? ಇದ್ದಿರಬಹುದು. ಎಳ್ಳಿನಷ್ಟು, ಕಡಲೆಯಷ್ಟು. ಇರದೆಯೂ ಇದ್ದಿರಬಹುದು. ಕಾಣಲಿಲ್ಲ ಎಂದು ಬರೆದಿದ್ದರೆ ಭಾವ ಮತ್ತೆ ಬರುತ್ತಿದ್ದ, ಅಥವಾ ನಕ್ಕು ಸುಮ್ಮನಾಗುತ್ತಿದ್ದ. ಬಂದರೂ ಆ ಹಿಡಿಕೆಗೆ ಅದು ಸಿಗುತ್ತಿತ್ತೋ ಇಲ್ಲವೋ. ಇದನ್ನು ಇನ್ನು ಯಾವ ಯಂತ್ರವೂ ಹೇಳಲಾರದು. ತಾನು ಕೊಂದೆನೋ ಇಲ್ಲವೋ ಎಂಬುದು ತನಗೇ ತಿಳಿಯದ ಹಾಗೆ ಜೀವನಪೂರ್ತಿ ಇರಬೇಕು. “ಭಾವ, ಆವತ್ತು ನಾನು...” ಎಂದ. ಮತ್ತೆ, “ಆ ರಿಪೋರ್ಟಲ್ಲಿ...”

“ಬೇಡ” ಎಂದ ಭಾವ.

“ಇಲ್ಲ ಭಾವ, ಹೇಳ್ಲೇಬೇಕು, ಆ ಸಾಲು...”

“ಬೇಡ ಅಂದ್ನಲ್ಲ. ಆ ಮಂಚದ ಮೇಲೆ ಮಲಗಿದ್ದೋನು ನಾನು. ನಂಗೂ ಕಿವಿ ಇತ್ತಲ್ಲ, ಆಯಮ್ಮ ಏನಂದ್ರು ಅಂತ ನಂಗೂ ಕೇಳಿಸಿತ್ತು. ಪೇಪರಲ್ಲಿ ನಾರ್ಮಲ್ ಅಂತ ಇದ್ದದ್ದು ನೋಡಿ ಖುಷಿಯಾಗಿ ಜೇಬಿಗೆ ಇಟ್ಕೊಂಡೋನು ನಾನು. ಬನ್ನು ತಿಂದೋನೂ ನಾನೇ.” ಭಾವ ಉಸಿರು ಎಳೆದುಕೊಂಡು ಬೆನ್ನಿಗೆ ಕೈಯೊತ್ತಿದ. “ಈಗ ನೀನು ಅತ್ರೆ ನಾನು ನಿನ್ನ ಸಮಾಧಾನ ಮಾಡ್ಬೇಕು. ಅಷ್ಟು ಶಕ್ತಿ ಇಲ್ಲ ಕಣೋ ನಂಗೆ.”

ಅವನು ಅಳಲಿಲ್ಲ. ಬೋಲ್ಟಿನ ಡಬ್ಬವನ್ನು ಬಿಗಿಯಾಗಿ ಹಿಡಿದುಕೊಂಡ. ಬೈಗುಳ ತಿನ್ನಲು ಬಂದಿದ್ದ, ಏಟು ತಿನ್ನಲು ಬಂದಿದ್ದ, ತಿಂದು ಹಗುರಾಗಿ ಹೋಗಲು ಬಂದಿದ್ದ. ಒಂದೂ ಸಿಗಲಿಲ್ಲ. ಈ ಮನುಷ್ಯ ಎಲ್ಲವನ್ನೂ ಮೊದಲೇ ತೂಗಿ ನೋಡಿ ಬದಿಗಿಟ್ಟುಬಿಟ್ಟಿದ್ದ. ಬಾಲ್ಯದಲ್ಲಿ ಇವನು ಗಾಜಿನ ಜಗ್ಗು ಒಡೆದಾಗಲೂ ಹೀಗೇ, ಅಕ್ಕ ಬರುವುದರೊಳಗೆ ಭಾವ ಚೂರುಗಳನ್ನು ಗುಡಿಸಿ, “ಭಾವನೇ ಒಡೆದದ್ದು ಅಂತ ಹೇಳು” ಎಂದಿದ್ದ. ಆಗ ಎಷ್ಟು ಪ್ರೀತಿ ಉಕ್ಕಿತ್ತು. ಈಗ ಆ ಒಳ್ಳೆಯತನದ ಮೇಲೆ ಸಿಟ್ಟು ಬಂತು.

“ಒಂದು ಕೆಲಸ ಮಾಡಿಕೊಡು” ಎಂದ ಭಾವ. “ನಿಮ್ಮಕ್ಕ ಹದಿನೈದು ದಿನದಿಂದ ಸರಿಯಾಗಿ ಉಂಡಿಲ್ಲ. ತಟ್ಟೆ ಮುಂದೆ ಕೂತ್ಕೋತಾಳೆ, ನನ್ನ ಮುಖ ನೋಡ್ತಾಳೆ, ಎದ್ದು ಹೋಗ್ತಾಳೆ. ಹೇಳ್ತೀನಿ ಅವಳಿಗೆ, ಹೇಳದೆ ಇರೋಕಾಗುತ್ತಾ. ನಂಗೆ ಸ್ವಲ್ಪ ದಿನ ಕೊಡು. ಈ ಅಂಗಡಿ ಒಂದು ದಡ ಸೇರಲಿ. ಅಲ್ಲಿ ತನಕ ಏನೂ ಇಲ್ಲ ಅನ್ನು, ನಾನು ಹೇಳಿದ್ರೆ ನಂಬಲ್ಲ ಅವಳು, ನಿನ್ನ ನಂಬ್ತಾಳೆ. ನೀನು ಸ್ಕ್ಯಾನ್ ಸೆಂಟರಿನೋನು.” “ನನ್ ಕೈಲಾಗಲ್ಲ ಭಾವ.” “ಆಗುತ್ತೆ.” “ಆಗಲ್ಲ ಭಾವ, ಇನ್ನೊಂದ್ಸಲ ಆಗಲ್ಲ.” ಭಾವ ಅವನ ಮಂಡಿಯ ಮೇಲೆ ಕೈಯಿಟ್ಟ. ಕೈಗೆ ಭಾರವೇ ಇರಲಿಲ್ಲ. “ನಾನು ಯಾವತ್ತಾದ್ರೂ ನಿನ್ನ ಏನಾದ್ರೂ ಕೇಳಿದೀನೇನೋ?” ಎಂದ. ಕೇಳಿರಲಿಲ್ಲ.

ಪರದೆ ಸರಿಸಿ ಅಕ್ಕ ಬಂದಳು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ. ಕಣ್ಣ ಕೆಳಗೆ ಕಪ್ಪಾಗಿತ್ತು. “ಬಂದಿದ್ಯಾ? ಬಂದೋನು ಇಲ್ಲೇ ಕೂತ್ಬಿಡೋದಾ, ಒಳಗೆ ಬಾ, ಊಟ ಮಾಡೋಣ” ಎಂದಳು. ಒಳಗೆ ಮೂರು ತಟ್ಟೆ ಹಾಕಿದ್ದಳು. ಕೂತರು. ಅವಳು ಇಬ್ಬರಿಗೂ ಬಡಿಸಿ, ತನ್ನ ತಟ್ಟೆಯನ್ನು ಖಾಲಿಯೇ ಬಿಟ್ಟು, ಸೌಟು ಕೈಯಲ್ಲಿ ಹಿಡಿದುಕೊಂಡು ತಮ್ಮನನ್ನೇ ನೋಡಿದಳು. “ಹೇಳೋ. ಏನಂದ್ರು ನಿಮ್ಮ ಡಾಕ್ಟರಮ್ಮ?”

ಭಾವ ತಲೆ ಎತ್ತಲಿಲ್ಲ, ಅನ್ನ ಕಲಸುತ್ತಿದ್ದ. ಅವನಿಗೆ ಈ ಮನೆಯ ಗೋಡೆ, ಬೆಂಚು, ಕಿಟಕಿಯ ಸರಳು ಎಲ್ಲವೂ ತನ್ನ ಬಾಯಿಯನ್ನೇ ಕಾಯುತ್ತಿವೆ ಅನ್ನಿಸಿತು. ಅಕ್ಕನಿಗೆ ನಿಜ ತಿಳಿಯುವ ಹಕ್ಕಿದೆ ಎಂದು ಗೊತ್ತಿತ್ತು. ಇವತ್ತು ಸುಳ್ಳು ಹೇಳಿದರೆ, ಗೊತ್ತಾದ ದಿನ ಅವಳು ತನ್ನ ಮುಖ ನೋಡುವುದಿಲ್ಲ ಎಂದೂ ಗೊತ್ತಿತ್ತು. ಭಾವನ ಕೈ ತುತ್ತನ್ನು ಕಟ್ಟಿ, ಬಾಯಿಗೆ ಒಯ್ಯದೆ, ಮತ್ತೆ ಬಿಡಿಸುತ್ತಿತ್ತು.

“ಡಾಕ್ಟರಮ್ಮನ ಹತ್ರ ಕೇಳ್ದೆ ಅಕ್ಕ. ರಿಪೋರ್ಟು ತೆಗೆಸಿ ಇನ್ನೊಂದ್ಸಲ ನೋಡಿದ್ರು. ಹೊಟ್ಟೇಲಿ ಏನೂ ಇಲ್ಲ. ಸ್ಟೂಲ್ ಮೇಲೆ ಬಗ್ಗಿ ಕೂತು ಕೂತು ಬೆನ್ನು ಹಿಡ್ಕೊಂಡಿದೆ” ಎಂದ. ಧ್ವನಿ ನಡುಗಲಿಲ್ಲ. ಅದು ನಡುಗಬಹುದೆಂದು ಅವನು ಆಸೆ ಇಟ್ಟುಕೊಂಡಿದ್ದ.

“ನಿಜವಾಗ್ಲೂ?”

“ನಿಜ ಅಕ್ಕ.”

ಅಕ್ಕ ಉಸಿರು ಬಿಟ್ಟಳು. ಸೌಟು ಕೆಳಗಿಟ್ಟು, ಮುಖವನ್ನು ಎರಡೂ ಕೈಯಿಂದ ಒಮ್ಮೆ ಒರೆಸಿಕೊಂಡು, ತನ್ನ ತಟ್ಟೆಗೆ ಬಡಿಸಿಕೊಂಡಳು. ಮೊದಲ ತುತ್ತು ನಿಧಾನವಾಗಿ, ಆಮೇಲೆ ಬೇಗ ಬೇಗ, ಹಸಿವು ಈಗಷ್ಟೇ ನೆನಪಾದವಳ ಹಾಗೆ ಉಣ್ಣತೊಡಗಿದಳು. ಇನ್ನೊಮ್ಮೆ ಬಡಿಸಿಕೊಂಡಳು. ಬಾಯಲ್ಲಿ ಅನ್ನವಿಟ್ಟುಕೊಂಡೇ, ಮುಂದಿನ ತಿಂಗಳು ತಾನೂ ಒಂದು ಸಲ ಬಂದು ನೋಡಿಸಿಕೊಳ್ಳುತ್ತೇನೆ, ನೀನಿದ್ದೀಯಲ್ಲ ಅಲ್ಲಿ, ನಮಗೆಂಥ ಹೆದರಿಕೆ ಎಂದಳು. ಆಮೇಲೆ ತಲೆಯೆತ್ತಿದಳು. ಇಬ್ಬರೂ ತಟ್ಟೆ ಮುಟ್ಟದೆ ಅವಳನ್ನೇ ನೋಡುತ್ತ ಕೂತಿದ್ದರು.

“ಯಾಕೆ ಇಬ್ರೂ ಹಂಗೆ ನೋಡ್ತೀರಾ?” ಎಂದು ನಕ್ಕಳು. “ಉಣ್ಣಿ, ಆರಿ ಹೋಗುತ್ತೆ.”